ಮಲೆನಾಡಿನ ರಸ್ತೆಗೆ ಒಂದು ಟೂರಿಂಗ್ ಸೈಕಲ್: ಕಟ್ಟಿದ್ದು, ಬಿಚ್ಚಿದ್ದು, ಮತ್ತೆ ಕಟ್ಟಿದ್ದು

ಇದು ಒಬ್ಬರು ಕಟ್ಟಿಸಿಕೊಂಡ ಒಂದು ಸೈಕಲ್ಲಿನ ವಿವರ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕೆಲಸ ಯಾವುದನ್ನೂ ಹೇಳುವುದಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿಷಯ ಬದಲಿಸಿದ್ದೇನೆ. ಇಲ್ಲಿ ಅವರನ್ನು ಮೇಡಂ ಅಂತ ಕರೆಯುತ್ತೇನೆ, ಸಾಕು. ಸೈಕಲ್ ಶಾಪಿನವರು, ಫ್ರೇಮ್ ಕಟ್ಟಿದವರು, ವೆಲ್ಡಿಂಗ್ ಆಚಾರ್ರು, ಇವರಿಗೂ ಹೆಸರಿಲ್ಲ. ನನ್ನ ಪಾತ್ರ ಸಣ್ಣದು. ವೀಲ್ ಕಟ್ಟಿಕೊಟ್ಟೆ, ಉಳಿದಂತೆ ಫೋನಿನಲ್ಲಿ ವಾದ ಮಾಡಿದೆ.

ಇಂಥ ಸೈಕಲ್ ಬೇಕು ಅನ್ನುವವರು ಮೊದಲು ಕೇಳುವುದು ಪಾರ್ಟ್ಸ್ ಪಟ್ಟಿ. ಈ ಸೈಕಲ್ಲಿನ ಪಟ್ಟಿ ಹೇಳಿ ಪ್ರಯೋಜನವಿಲ್ಲ, ಯಾಕೆಂದರೆ ಅದು ಬದಲಾಗುತ್ತಲೇ ಹೋಯಿತು. ಬದಲಾದಾಗಲೆಲ್ಲ ತೊಂದರೆ ಕಾಣಿಸಿದ್ದು ಒಂದು ಕಡೆ, ಅದರ ಬೇರು ಸಿಕ್ಕಿದ್ದು ಇನ್ನೊಂದು ಕಡೆ. ನಾನು ಬರೆಯಬೇಕು ಅಂದುಕೊಂಡಿದ್ದು ಆ ಬೇರು ಸಿಕ್ಕ ಬಗೆಯನ್ನು.

ಹಿನ್ನೆಲೆ

ಮೇಡಂಗೆ ನಲವತ್ತು ದಾಟಿದೆ. ಎತ್ತರ 157 ಸೆಂ.ಮೀ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿ ಆಫೀಸ್ ಕೆಲಸ. ರಜೆ ಸಿಕ್ಕಿದರೆ ಎರಡು ಮೂರು ದಿನ ಸೈಕಲ್ಲಿನಲ್ಲೇ ಹೊರಗಿರಬೇಕು, ಟೆಂಟು, ಅಡುಗೆ ಸಾಮಾನು ಎಲ್ಲ ಜೊತೆಗಿರಬೇಕು ಅನ್ನುವ ಆಸೆ. ಶೃಂಗೇರಿ, ಕಿಗ್ಗ, ಕಳಸ, ಕುದುರೆಮುಖ, ಆಗುಂಬೆ ಕಡೆಯ ರಸ್ತೆಗಳು. ಆ ಕಡೆ ಓಡಾಡಿದವರಿಗೆ ಗೊತ್ತು, ಹತ್ತು ಕಿಲೋಮೀಟರಿನ ಒಳಗೇ ನುಣ್ಣನೆ ಟಾರು, ಕಿತ್ತುಹೋದ ಟಾರು, ಜಲ್ಲಿ, ಕೆಂಪು ಮಣ್ಣು, ಎಸ್ಟೇಟ್ ಒಳಗಿನ ಕಲ್ಲು ಹಾಸಿದ ದಾರಿ ಎಲ್ಲವೂ ಬಂದು ಹೋಗುತ್ತದೆ. ಮಳೆಗಾಲದಲ್ಲಿ ನಿಂತು ಪಂಚರ್ ಹಾಕೋಣ ಅಂದರೆ ಉಂಬಳ ಕಾಲು ಹತ್ತಿರುತ್ತದೆ.

ಅವರ ಹತ್ತಿರ ಮೊದಲೇ ಒಂದು ಸೈಕಲ್ ಇತ್ತು. ಅಲ್ಯುಮಿನಿಯಂ ಫ್ರೇಮ್, ಮುಂದಿನ ವೀಲನ್ನು ಹಿಡಿಯುವ ಕವಲು, ಅಂದರೆ ಫೋರ್ಕ್, ಸಸ್ಪೆನ್ಷನ್ ಇರುವುದು, 29 ಇಂಚಿನ ವೀಲ್. ಅಂಗಡಿಯಲ್ಲಿ ನಿಂತಾಗ ಭರ್ಜರಿ ಕಾಣುತ್ತದೆ. ಆದರೆ ಹಿಂದೆ ಕ್ಯಾರಿಯರ್ ಬಿಗಿಯಲು ಫ್ರೇಮಿನಲ್ಲಿ ತೂತೇ ಇಲ್ಲ. ಸೀಟ್ ಪೋಸ್ಟಿಗೆ ಕಚ್ಚಿಸುವ ಕ್ಯಾರಿಯರ್ ಹಾಕಿದರು, ಅದು ಹತ್ತು ಕಿಲೋ ಹೊರುವಷ್ಟರಲ್ಲಿ ಆಚೀಚೆ ತಿರುಗುತ್ತಿತ್ತು. ಮಡ್‌ಗಾರ್ಡ್ ಹಾಕಿದ ಮೇಲೆ ನಿಧಾನವಾಗಿ ತಿರುಗುವಾಗ ಶೂ ತುದಿ ಮುಂದಿನ ಮಡ್‌ಗಾರ್ಡಿಗೆ ತಾಗುತ್ತಿತ್ತು. ದೊಡ್ಡ ವೀಲು, ಚಿಕ್ಕ ಫ್ರೇಮು, ಜಾಗ ಎಲ್ಲಿಂದ ಬರಬೇಕು? ಸಸ್ಪೆನ್ಷನ್ ಫೋರ್ಕ್ ಅಂತೂ ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು ಅಲುಗಾಡುವುದನ್ನೇ ಬಿಟ್ಟಿತು. ಭಾರ ಮಾತ್ರ ಉಳಿಯಿತು.

ಹೊರದೇಶದ ಟೂರಿಂಗ್ ಸೈಕಲ್ ತರಿಸುವ ಮಾತೂ ಬಂತು. ಬೆಲೆ, ಅದರ ಮೇಲೆ ಸುಂಕ, ಜೊತೆಗೆ ಅವರ ಎತ್ತರಕ್ಕೆ ಸೈಜ್ ಸಿಗುವುದೇ ಕಷ್ಟ. ಕೊನೆಗೆ ಕ್ರೋಮೋಲಿ ಅನ್ನುವ ಗಟ್ಟಿ ಮಿಶ್ರಲೋಹದ ಸ್ಟೀಲಿನಲ್ಲಿ ಫ್ರೇಮ್ ಮತ್ತು ಫೋರ್ಕ್ ಅಳತೆ ಕೊಟ್ಟು ಕಟ್ಟಿಸುವುದು ಅಂತಾಯಿತು. ಒಟ್ಟು ಖರ್ಚು ಕೊನೆಗೆ ಹೊಸ ಸ್ಕೂಟರಿನ ಬೆಲೆ ಹತ್ತಿರ ಹೋಯಿತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

26 ಇಂಚಿನ ಜಗಳ

ಮೊದಲ ದೊಡ್ಡ ನಿರ್ಧಾರ ವೀಲ್ ಸೈಜು. ಫ್ರೇಮ್ ಕಟ್ಟುವವರು 27.5 ಅಂದರು. ಗೆಳೆಯರೆಲ್ಲ 29 ಅಂದರು. ಮೇಡಂ 26 ಬೇಕು ಅಂದರು. ಅವರ ವಾದ ನೇರವಾಗಿತ್ತು: "ನನ್ನ ಟ್ಯೂಬ್ ಹೋದರೆ ಕೊಪ್ಪದಲ್ಲೋ ಕಳಸದಲ್ಲೋ ಸಿಗಬೇಕು. ಕೊರಿಯರ್ ಬರೋವರೆಗೆ ನಾನು ಬಸ್ ಸ್ಟ್ಯಾಂಡಿನಲ್ಲಿ ಕೂರೋಕಾಗಲ್ಲ."

ವಾದ ಸರಿಯಿದೆ. ಮಕ್ಕಳ ಎಂಟಿಬಿ, ಅಂದರೆ ಗುಡ್ಡಗಾಡಿನ ಮಾದರಿಯ ಸೈಕಲ್ಲುಗಳಿಂದಾಗಿ 26 ಇಂಚಿನ ದಪ್ಪ ಟಯರ್, ಟ್ಯೂಬ್ ಸಣ್ಣ ಊರಿನಲ್ಲೂ ಸಿಗುತ್ತದೆ. ಕುಳ್ಳಗಿರುವವರಿಗೆ ಫ್ರೇಮಿನ ಅಳತೆ ಸಲೀಸಾಗಿ ಕೂರುತ್ತದೆ, ಶೂ ತಾಗುವ ರಗಳೆ ಇಲ್ಲ. ಕಡ್ಡಿಗಳು ಗಿಡ್ಡ ಇರುವುದರಿಂದ ವೀಲೂ ಗಟ್ಟಿ.

ಆದರೆ ಇಲ್ಲಿ ಒಂದು ಗುಂಡಿ ಇದೆ, ತುಂಬಾ ಜನ ಬೀಳುತ್ತಾರೆ. ಲೇಡೀಸ್ ಸೈಕಲ್ಲುಗಳಿಗೆ ಹಾಕುವ 26 × 1⅜ ಟಯರ್ ಕೂಡ 26 ಇಂಚೇ. ಆದರೆ ಅದು ಕೂರುವ ರಿಮ್ಮಿನ ವ್ಯಾಸ 590 ಮಿ.ಮೀ. ಎಂಟಿಬಿಯ 26 × 1.95 ಅಥವಾ 2.125 ಕೂರುವುದು 559 ಮಿ.ಮೀ ರಿಮ್ಮಿಗೆ. ಒಂದರ ಟಯರ್ ಇನ್ನೊಂದಕ್ಕೆ ಜನ್ಮದಲ್ಲೂ ಕೂರುವುದಿಲ್ಲ. ಅಂಗಡಿಯಲ್ಲಿ "ಇಪ್ಪತ್ತಾರು ಕೊಡಿ" ಅಂದರೆ ಯಾವುದು ಕೈಗೆ ಬರುತ್ತದೋ ದೇವರೇ ಬಲ್ಲ. ಟಯರ್ ಪಕ್ಕದಲ್ಲಿ ಸಣ್ಣದಾಗಿ 50-559 ಅಂತಲೋ 37-590 ಅಂತಲೋ ಬರೆದಿರುತ್ತದೆ, ನೋಡಬೇಕಾದ್ದು ಅದನ್ನೇ. ಮೇಡಂ ಆ ಅಂಕಿಯನ್ನು ಮೊಬೈಲ್ ಕವರಿನ ಹಿಂದೆ ಬರೆದಿಟ್ಟುಕೊಂಡಿದ್ದಾರೆ.

ಫ್ರೇಮ್ ಕಟ್ಟುವವರಿಗೆ ಬೇರೆ ಚಿಂತೆ ಇತ್ತು. ಸಾದಾ 26 ಟಯರ್ ಸಿಗುತ್ತದೆ, ಸರಿ, ಆದರೆ ಒಳ್ಳೆ ಗುಣಮಟ್ಟದ್ದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹತ್ತು ವರ್ಷದ ಮೇಲೆ ಏನು ಮಾಡುತ್ತೀರಿ? ಅವರೇ ದಾರಿಯನ್ನೂ ಹೇಳಿದರು. 58 ಮಿ.ಮೀ ಅಗಲದ 26ರ ಟಯರಿನ ಹೊರವ್ಯಾಸ ಲೆಕ್ಕದಲ್ಲಿ 675 ಮಿ.ಮೀ. 47 ಮಿ.ಮೀ ಅಗಲದ 27.5ರದ್ದು 678. ಅಂದರೆ ಹೆಚ್ಚು ಕಡಿಮೆ ಒಂದೇ. ಫ್ರೇಮಿನಲ್ಲಿ ಅಷ್ಟು ಜಾಗ ಬಿಟ್ಟು ಕಟ್ಟಿದರೆ, ಡಿಸ್ಕ್ ಬ್ರೇಕ್ ಇದ್ದರೆ, ಮುಂದೊಂದು ದಿನ ವೀಲ್ ಮಾತ್ರ ಬದಲಿಸಿ 27.5ಕ್ಕೆ ಹೋಗಬಹುದು. ರಿಮ್ಮಿಗೆ ಹಿಡಿಯುವ ಬ್ರೇಕ್ ಆದರೆ ಆಗುತ್ತಿರಲಿಲ್ಲ, ರಿಮ್ಮಿನ ಜಾಗ ಬದಲಾದರೆ ಬ್ರೇಕ್ ರಬ್ಬರ್ ಎಲ್ಲೋ, ರಿಮ್ ಎಲ್ಲೋ. ಜಗಳದಲ್ಲಿ ಇಬ್ಬರೂ ಗೆದ್ದರು. ನನ್ನ ಲೆಕ್ಕದಲ್ಲಿ ಇಡೀ ಯೋಜನೆಯ ಅತಿ ಒಳ್ಳೆಯ ನಿರ್ಧಾರ ಇದೇ.

ಉಳಿದ ಅಳತೆಗಳಲ್ಲೂ ಇದೇ ದಾರಿ ಹಿಡಿದರು, ಹಳೆಯದು, ಎಲ್ಲ ಕಡೆ ಸಿಗುವುದು. ಹಿಂದಿನ ಹಬ್ಬಿಗೆ, ಅಂದರೆ ವೀಲಿನ ನಡುವಿನ ಗುಂಬಕ್ಕೆ, 135 ಮಿ.ಮೀ ಜಾಗ, ಪೆಡಲ್ ತಿರುಗುವ ಬೇರಿಂಗ್ ಕೂರಲು ತಿರುಪಿನ ಮರೆ ಇರುವ 68 ಮಿ.ಮೀ ಬಾಟಮ್ ಬ್ರಾಕೆಟ್. ರಿಮ್ಮಿನಲ್ಲಿ ಬೈಕ್ ವಾಲ್ವ್ ಹಿಡಿಸುವ ದೊಡ್ಡ ತೂತು, ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಿಡಿಸಬಹುದು. ಹಿಂದಿನ ಬ್ಯಾಗಿಗೆ ಹಿಮ್ಮಡಿ ತಾಗದ ಹಾಗೆ ಹಿಂಭಾಗ ಉದ್ದ, ಪೆಡಲ್ ನಡುವಿನಿಂದ ಹಿಂದಿನ ಆಕ್ಸಲ್‌ಗೆ 450 ಮಿ.ಮೀ.

ಸ್ಟ್ಯಾಂಡ್ ವಿಷಯಕ್ಕೆ ಮಾತ್ರ ಮೇಡಂ ಬಗ್ಗಲಿಲ್ಲ. "ಸ್ಟ್ಯಾಂಡ್ ಇಲ್ಲದ ಸೈಕಲ್ ಎಂಥದ್ದು? ಎಲ್ಲಿ ಹೋದರೂ ಗೋಡೆ ಹುಡುಕಿಕೊಂಡು ಓಡಾಡಬೇಕಾ?" ತೆಳು ಪೈಪಿಗೆ ಸ್ಟ್ಯಾಂಡ್ ಕಚ್ಚಿಸಿದರೆ ಪೈಪ್ ಜಜ್ಜಿಹೋಗುತ್ತದೆ. ಆಚಾರ್ರು "ತನ್ನಿ ಅಕ್ಕ, ಒಂದು ಪಟ್ಟಿ ಅಂಟಿಸಿ ಕೊಡ್ತೀನಿ" ಅಂದಿದ್ದರು. ಆದರೆ ಈ ಪೈಪಿನ ಗೋಡೆ ದಪ್ಪ ಒಂದು ಮಿಲಿಮೀಟರ್ ಕೂಡ ಇಲ್ಲ, ಗೇಟು ಬೆಸೆಯುವ ಆರ್ಕ್ ವೆಲ್ಡಿಂಗಿನಲ್ಲಿ ತೂತು ಬಿದ್ದುಬಿಡುತ್ತದೆ. ಕೊನೆಗೆ ಫ್ರೇಮ್ ಕಟ್ಟುವವರೇ ಕಟ್ಟುವಾಗಲೇ ಒಂದು ಪ್ಲೇಟ್ ಸೇರಿಸಿ ಕೊಟ್ಟರು.

ಮೊದಲ ಜೋಡಣೆ, ಮೊದಲ ಹೆದರಿಕೆ

ಮೊದಲು ಕಟ್ಟಿದಾಗ ಸೈಕಲ್ಲಿಗೆ ಬಾಗಿದ ಡ್ರಾಪ್ ಹ್ಯಾಂಡಲ್ ಇತ್ತು. ಕೈ ಇಡಲು ಹಲವು ಜಾಗ ಸಿಗುತ್ತದೆ, ಎದುರುಗಾಳಿಗೆ ಒಳ್ಳೆಯದು ಅಂತ ಎಲ್ಲರೂ ಹೇಳಿದ್ದರು. ಅದಕ್ಕೆ ರೋಡ್ ಸೈಕಲ್ಲಿನ ಬ್ರೇಕ್ ಲಿವರ್. ವೀಲಿನ ಕಡೆ ಕೇಬಲ್ಲಿನಿಂದ ನಡೆಯುವ ಡಿಸ್ಕ್ ಬ್ರೇಕ್, ಅದು ಎಂಟಿಬಿಗೆ ಮಾಡಿದ್ದು. ಊರೊಳಗೆ ಓಡಿಸಿದಾಗ ಏನೂ ಗೊತ್ತಾಗಲಿಲ್ಲ.

ಗೊತ್ತಾಗಿದ್ದು ಆಗುಂಬೆ ಘಾಟಿಯಲ್ಲಿ. ಹದಿನಾಲ್ಕು ಹೇರ್‌ಪಿನ್ ತಿರುವು, ಹಿಂದೆ ಸಾಮಾನು, ತುಂತುರು ಮಳೆ. ನಾಲ್ಕನೇ ತಿರುವಿನ ಹೊತ್ತಿಗೆ ಲಿವರ್ ಹ್ಯಾಂಡಲ್ಲಿಗೇ ತಾಗುತ್ತಿತ್ತು, ಆದರೂ ಸೈಕಲ್ ನಿಲ್ಲುತ್ತಿರಲಿಲ್ಲ. ಇಳಿದು ತಳ್ಳಿಕೊಂಡು ಹೋದರು. ಒಳ್ಳೆ ಕೆಲಸ ಮಾಡಿದರು.

ವಾಪಸ್ ಬಂದ ಮೇಲೆ ಸಿಕ್ಕ ಸಲಹೆ ಎಲ್ಲ ಒಂದೇ: ಪ್ಯಾಡ್ ಬದಲಿಸಿ. ಬದಲಿಸಿದರು. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕತೆ. ಕೇಬಲ್ ಬಿಗಿ ಮಾಡಿದರು. ಆಗ ಪ್ಯಾಡ್ ಸದಾ ಡಿಸ್ಕಿಗೆ ಉಜ್ಜುತ್ತಾ ಸದ್ದು ಮಾಡತೊಡಗಿತು. ಡಿಸ್ಕೇ ಚಿಕ್ಕದಾಯಿತು, ದೊಡ್ಡದು ಹಾಕಿಸಿ ಅಂತ ಇನ್ನೊಬ್ಬರು ಹೇಳಿದರು.

ಬೇರು ಇದ್ದದ್ದು ಲಿವರಿನಲ್ಲಿ. ರೋಡ್ ಲಿವರ್ ಒಂದು ಸಲ ಒತ್ತಿದರೆ ಎಳೆಯುವ ಕೇಬಲ್ ಕಡಿಮೆ. ಪ್ಯಾಡಿನಿಂದ ಡಿಸ್ಕನ್ನು ಹಿಡಿಯುವ ಎಂಟಿಬಿ ಕ್ಯಾಲಿಪರ್‌ಗೆ ಬೇಕಾದ ಕೇಬಲ್ ಜಾಸ್ತಿ. ಎರಡನ್ನೂ ಜೋಡಿಸಿದರೆ ಪ್ಯಾಡ್ ಗಟ್ಟಿಯಾಗಿ ಹಿಡಿಯುವ ಮೊದಲೇ ಲಿವರಿನ ದಾರಿ ಮುಗಿದುಹೋಗುತ್ತದೆ. ಪ್ಯಾಡ್ ಹೊಸದಿದ್ದಾಗ ಅಂತರ ಕಡಿಮೆ, ಹೇಗೋ ನಡೆಯುತ್ತದೆ. ಒಂಚೂರು ಸವೆದರೆ ಮುಗಿಯಿತು. ಎರಡು ದಿನ ಚೆನ್ನಾಗಿದ್ದದ್ದು ಅದಕ್ಕೇ. ಯಾವ ಪಾರ್ಟೂ ಕೆಟ್ಟದ್ದಲ್ಲ, ಜೋಡಿ ಸರಿಯಿಲ್ಲ ಅಷ್ಟೇ. ಅಂಗಡಿಯವರ ಬಿಲ್ಲಿನಲ್ಲಿ ಎರಡೂ ಒಳ್ಳೆ ಕಂಪನಿಯವೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಈಗ ಎರಡು ದಾರಿ. ರೋಡ್ ಲಿವರಿಗೆ ಹೊಂದುವ ಕ್ಯಾಲಿಪರ್ ತರಿಸುವುದು, ಇಲ್ಲವೇ ಹ್ಯಾಂಡಲ್ ಬದಲಿಸಿ ಎಂಟಿಬಿ ಲಿವರ್ ಹಾಕುವುದು. ಮೊದಲನೆಯದು ಅಗ್ಗ. ಆದರೆ ಮೇಡಂ ಒಂದು ವಿಷಯ ಗಮನಿಸಿದ್ದರು: ಡ್ರಾಪ್ ಹ್ಯಾಂಡಲ್ಲಿನ ಕೆಳಗಿನ ಬಾಗಿಗೆ ಅವರು ಕೈ ಇಟ್ಟದ್ದೇ ಇಲ್ಲ. ಅವರ ಕೈ ಚಿಕ್ಕದು, ಮೇಲಿನಿಂದ ಬ್ರೇಕ್ ಒತ್ತಲು ಬೆರಳು ಸಾಲುತ್ತಿರಲಿಲ್ಲ. ಜಲ್ಲಿ ರಸ್ತೆಯಲ್ಲಿ ಅಗಲ ಹ್ಯಾಂಡಲ್ಲೇ ಹಿಡಿತಕ್ಕೆ ಬೇಕು ಅನ್ನಿಸುತ್ತಿತ್ತು. ಹಾಗಾಗಿ ಹಿಂದಕ್ಕೆ ಸ್ವಲ್ಪ ಬಾಗಿದ ಅಗಲ ಹ್ಯಾಂಡಲ್, ಎಂಟಿಬಿ ಲಿವರ್, ಎಂಟಿಬಿ ಗೇರ್ ಶಿಫ್ಟರ್ ಬಂದವು. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಬದಲಿಸಬೇಕಾಗಲಿಲ್ಲ. ಶಿಮಾನೊ ಕಂಪನಿಯ 9 ಸ್ಪೀಡಿನಲ್ಲಿ (ಹಿಂದೆ ಒಂಬತ್ತು ಗೇರ್) ರೋಡ್, ಎಂಟಿಬಿ ಎರಡರ ಹಿಂದಿನ ಡಿರೇಲರ್‌ಗೂ ಕೇಬಲ್ ಲೆಕ್ಕ ಒಂದೇ. 10 ಸ್ಪೀಡ್ ಆಗಿದ್ದರೆ ಅದನ್ನೂ ಬದಲಿಸಬೇಕಿತ್ತು. ಹಳೆ 9 ಸ್ಪೀಡ್ ಆರಿಸಿದ್ದಕ್ಕೆ ಇಲ್ಲಿ ದುಡ್ಡು ಉಳಿಯಿತು.

ಬ್ರೇಕ್ ಬಗ್ಗೆ ಇನ್ನೊಂದು ಮಾತು. ಇಂಥ ಕೇಬಲ್ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಸವೆದಂತೆ ತಾನಾಗಿ ಮುಂದೆ ಬರುವುದಿಲ್ಲ, ಕ್ಯಾಲಿಪರ್ ಮೇಲಿನ ತಿರುಪನ್ನು ನಾವೇ ತಿರುಗಿಸಬೇಕು. ಮಲೆನಾಡಿನ ಮಳೆಯಲ್ಲಿ ಕೆಂಪು ಮಣ್ಣಿನ ನೀರು ಸಾಣೆ ಹಿಡಿದಂತೆ ರಾಳ ಬೆರೆತ ರೆಸಿನ್ ಪ್ಯಾಡ್ ತಿನ್ನುತ್ತದೆ. ಮೇಡಂ ಲೋಹದ ಪುಡಿಯ ಸಿಂಟರ್ಡ್ ಪ್ಯಾಡಿಗೆ ಹೋದರು. ಕಿರುಚುತ್ತದೆ, ಆದರೆ ಬಾಳಿಕೆ ಇದೆ. ಡಿಸ್ಕ್ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತ ಬರೆದಿದ್ದರೆ ಸಿಂಟರ್ಡ್ ಹಾಕಬಾರದು, ಡಿಸ್ಕೇ ಸವೆದುಹೋಗುತ್ತದೆ. ಅವರ ಹಳೆ ಡಿಸ್ಕಿನ ಮೇಲೆ ಹಾಗೇ ಇತ್ತು, ಅದನ್ನೂ ಬದಲಿಸಿದರು.

ಕಡ್ಡಿ ಮುರಿಯುವ ಕಾಲ

ಬ್ರೇಕ್ ಸರಿಯಾಯಿತು, ಈಗ ಹಿಂದಿನ ವೀಲಿನ ಸರದಿ. ಅದು ಮೆಷಿನ್ನಿನಲ್ಲಿ ಕಟ್ಟಿದ ರೆಡಿಮೇಡ್ ವೀಲ್, 32 ಕಡ್ಡಿ. ಕುದುರೆಮುಖದ ಕಡೆ ಹೋದಾಗ ಒಂದು ಮುರಿಯಿತು. ಕಳಸದಲ್ಲಿ ಹಾಕಿಸಿದರು. ಮನೆ ತಲುಪುವಷ್ಟರಲ್ಲಿ ಇನ್ನೊಂದು. ಮುರಿದದ್ದೆಲ್ಲ ಚೈನ್ ಇರುವ ಕಡೆ, ಹಬ್ಬಿನ ಹತ್ತಿರ ಕಡ್ಡಿ ಬಾಗುವ ಜಾಗದಲ್ಲೇ.

ಸೈಕಲ್ ಶಾಪಿನ ಅಣ್ಣ ಅನುಭವಸ್ಥರು. "ಈ ಕಡ್ಡಿ ತೆಳು ಮೇಡಂ, ಲೋಡಿಗೆ ಆಗಲ್ಲ, ದಪ್ಪದ್ದು ಹಾಕೋಣ" ಅಂದರು. ಕೇಳಿದರೆ ಸರಿ ಅನ್ನಿಸುವ ಮಾತು. ಆದರೆ ಕಡ್ಡಿ ಎಳೆತ ತಾಳದೆ ಮುರಿಯುವುದು ಬಹಳ ಅಪರೂಪ. ವೀಲ್ ಒಂದು ಸುತ್ತು ತಿರುಗಿದಾಗ ನೆಲದ ಕಡೆಗೆ ಬಂದ ಕಡ್ಡಿಯ ಬಿಗಿ ಕಡಿಮೆಯಾಗುತ್ತದೆ, ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. ಕಟ್ಟುವಾಗಲೇ ಸಡಿಲ ಇದ್ದರೆ ಆ ಬಾಗಿದ ಜಾಗ ಪ್ರತಿ ಸುತ್ತಿಗೂ ಅಲುಗುತ್ತದೆ. ತಂತಿಯನ್ನು ಆಚೀಚೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ಇಲ್ಲಿ ಸಾವಿರಾರು ಸುತ್ತಿನಲ್ಲಿ ನಡೆಯುತ್ತದೆ.

ವೀಲ್ ನನ್ನ ಕೈಗೆ ಬಂದಾಗ ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿದೆ. ಒಂದೇ ಪಕ್ಕದ ಕಡ್ಡಿಗಳು ಒಂದೇ ಸ್ವರ ಕೊಡಬೇಕು. ಇಲ್ಲಿ ಒಂದು ಟಣ್ ಅಂದರೆ ಪಕ್ಕದ್ದು ಧಪ್ ಅನ್ನುತ್ತಿತ್ತು. ವೀಲ್ ನೋಡಲು ನೆಟ್ಟಗೇ ಇತ್ತು, ಬೆಂಡ್ ಇರಲಿಲ್ಲ. ನೆಟ್ಟಗಿದ್ದರೆ ಸಾಕು ಅಂತ ಬಿಗಿ ನೋಡದೆ ಬಿಡುವುದೇ ಜಾಸ್ತಿ.

ಮಾಡಿದ್ದು ಇಷ್ಟು. 36 ತೂತಿನ ಹಬ್ಬು, 36 ತೂತಿನ ರಿಮ್ಮು. ಎರಡು ತುದಿ 2 ಮಿ.ಮೀ, ನಡು 1.8 ಮಿ.ಮೀ ಇರುವ ಬಟೆಡ್ ಕಡ್ಡಿ. ಅಂದರೆ ದಪ್ಪ ಮಾಡುವ ಬದಲು ನಡುವೆ ತೆಳ್ಳಗೆ ಮಾಡಿದ್ದು. ತೆಳು ನಡು ಸ್ವಲ್ಪ ಹಿಗ್ಗುತ್ತದೆ, ಏಟನ್ನು ಅದು ನುಂಗುತ್ತದೆ, ಬಾಗಿದ ತುದಿಗೆ ಬರುವ ಕಷ್ಟ ಕಡಿಮೆಯಾಗುತ್ತದೆ. ಶಾಪಿನ ಅಣ್ಣ ಇದನ್ನು ಇವತ್ತಿಗೂ ಪೂರ್ತಿ ನಂಬಿಲ್ಲ. ಕಟ್ಟಿದ ಮೇಲೆ ಅಕ್ಕಪಕ್ಕದ ಜೋಡಿ ಕಡ್ಡಿಗಳನ್ನು ಕೈಯಲ್ಲಿ ಗಟ್ಟಿಯಾಗಿ ಹಿಂಡಿ ಕೂರಿಸಿ, ಮತ್ತೆ ಬಿಗಿ ಸಮ ಮಾಡಿದ್ದು. ಆಮೇಲೆ ಆ ವೀಲಿನಲ್ಲಿ ಒಂದು ಕಡ್ಡಿಯೂ ಮುರಿದಿಲ್ಲ.

ನಮ್ಮ ಹಳೆ ಡಬಲ್ ಬಾರ್ ಸೈಕಲ್ ನೆನಪಿದೆಯಾ? ಅದರ ಮುಂದಿನ ವೀಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಹಾಲಿನ ಕ್ಯಾನು, ಅಕ್ಕಿ ಮೂಟೆ ಎಲ್ಲ ಹಿಂದೆ ಕೂರುತ್ತದೆ ಅಂತ ಅದನ್ನು ಮಾಡಿದವರಿಗೆ ಚೆನ್ನಾಗಿ ಗೊತ್ತಿತ್ತು. ಈಗಿನ ಸೈಕಲ್ಲುಗಳಲ್ಲಿ ಎರಡಕ್ಕೂ 32 ಹಾಕಿ ಮುಗಿಸುತ್ತಾರೆ.

ಇಳಿಜಾರಿನಲ್ಲಿ ನಡುಕ

ಇದು ಅತಿ ಹೆಚ್ಚು ತಲೆ ತಿಂದ ತೊಂದರೆ. ಸಾಮಾನು ತುಂಬಿ ಇಳಿಜಾರಿನಲ್ಲಿ ಒಂದು ವೇಗ ದಾಟಿದರೆ ಹ್ಯಾಂಡಲ್ ತಾನಾಗಿ ಎಡಕ್ಕೂ ಬಲಕ್ಕೂ ನಡುಗಲು ಶುರು. ಒಮ್ಮೆ ಶುರುವಾದರೆ ಗಟ್ಟಿ ಹಿಡಿದಷ್ಟೂ ಜಾಸ್ತಿ. ಮೊಣಕಾಲನ್ನು ಮೇಲಿನ ಪೈಪಿಗೆ ಒತ್ತಿ ಹಿಡಿದರೆ ಕಡಿಮೆಯಾಗುತ್ತಿತ್ತು. ಖಾಲಿ ಸೈಕಲ್ಲಿನಲ್ಲಿ ಈ ತೊಂದರೆ ಇಲ್ಲವೇ ಇಲ್ಲ.

ಈ ಸಲ ಆರೋಪ ಬಿದ್ದದ್ದು ಫ್ರೇಮ್ ಮೇಲೆ. "ಲೋಕಲ್ ಫ್ರೇಮ್ ಕಟ್ಟಿಸಿದರೆ ಹೀಗೇ" ಅಂತ ಒಬ್ಬರು ಅಂದರು. ಪಾಪ, ಫ್ರೇಮ್ ಕಟ್ಟಿದವರು ಅಷ್ಟು ದೂರದಿಂದ ಬಂದು ಅಳತೆ ಹಿಡಿದು ನೋಡಿದರು, ನೆಟ್ಟಗೇ ಇತ್ತು. ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಹೆಡ್‌ಸೆಟ್ ಬಿಚ್ಚಿ ಗ್ರೀಸ್ ಹಾಕಿ ಬಿಗಿ ಮಾಡಿದ್ದೂ ಆಯಿತು. ನಡುಕ ಹೋಗಲಿಲ್ಲ.

ತಿರುವು ಸಿಕ್ಕಿದ್ದು ಬಹಳ ಸರಳ ಪರೀಕ್ಷೆಯಲ್ಲಿ. ಸಾಮಾನು ತುಂಬಿದ ಸೈಕಲ್ ನಿಲ್ಲಿಸಿ, ಸೀಟು ಹಿಡಿದು ಆಚೀಚೆ ಅಲುಗಿಸಿದರು. ಫ್ರೇಮ್ ಅಲುಗಿ ನಿಂತ ಮೇಲೂ ಹಿಂದಿನ ಕ್ಯಾರಿಯರ್ ಅದರ ಪಾಡಿಗೆ ಓಲಾಡುತ್ತಿತ್ತು. ಕ್ಯಾರಿಯರ್ ಬಿಗಿದ ಬೋಲ್ಟ್ ನೋಡಿದರೆ ಫ್ರೇಮಿಗೂ ಕ್ಯಾರಿಯರಿಗೂ ನಡುವೆ ವಾಷರ್ ಮೇಲೆ ವಾಷರ್ ಜೋಡಿಸಿ ಅಂತರ ತುಂಬಿಸಿದ್ದರು. 5 ಮಿ.ಮೀ ಬೋಲ್ಟ್ ಅಷ್ಟು ದೂರ ಚಾಚಿ ನಿಂತರೆ ಬಗ್ಗುತ್ತದೆ, ಒಂದು ಆಗಲೇ ಬಗ್ಗಿತ್ತು. ಜೊತೆಗೆ ಹದಿನಾಲ್ಕು ಹದಿನೈದು ಕಿಲೋ ಸಾಮಾನು ಪೂರ್ತಿ ಹಿಂದೆಯೇ, ಅದರಲ್ಲೂ ಟೆಂಟು ಅಕ್ಕಿ ಎಲ್ಲ ಮೇಲ್ಗಡೆ. ಮುಂದಿನ ವೀಲಿನ ಮೇಲೆ ಭಾರವೇ ಇಲ್ಲ.

ಆಗ ಆಚಾರ್ರ ಕೆಲಸ ಬಂತು. ಮುಂದಿನ ಫೋರ್ಕಿಗೆ, ವೀಲಿನ ಆಕ್ಸಲ್ ಎತ್ತರಕ್ಕೆ ಬ್ಯಾಗ್ ಕೂರುವ ಹಾಗೆ ಎರಡು ಕ್ಯಾರಿಯರ್ ಮಾಡಬೇಕು. ಅವರು 8 ಮಿ.ಮೀ ಕಬ್ಬಿಣದ ಸರಳಿನಲ್ಲಿ ಮಾಡಿಕೊಟ್ಟ ಮೊದಲನೆಯದು ಕೆಲವೇ ದಿನದಲ್ಲಿ ಬಿರುಕು ಬಿಟ್ಟಿತು. ಸರಳನ್ನು ಎಲ್ಲಿ ಬಗ್ಗಿಸಿದ್ದರೋ ಅಲ್ಲೇ ವೆಲ್ಡ್ ಮಾಡಿದ್ದರು. ಮುರಿದ ತುಂಡು ನೋಡಿ ಆಚಾರ್ರೇ ತಲೆ ಕೆರೆದುಕೊಂಡು, "ಬಾಗಿನ ಮೇಲೆ ಬೆಂಕಿ ಇಡಬಾರದಿತ್ತು" ಅಂದರು. ಎರಡನೆಯದರಲ್ಲಿ ವೆಲ್ಡ್ ನೇರ ಭಾಗಕ್ಕೆ ಬಂತು, ಒಂದು ಅಡ್ಡ ಸರಳು ಸೇರಿ ತ್ರಿಕೋನವಾಯಿತು. ಭಾರ ಜಾಸ್ತಿ, ನೋಡಲು ಕಿಟಕಿ ಗ್ರಿಲ್ ಇದ್ದ ಹಾಗಿದೆ ಅಂತ ನಗುವವರಿದ್ದಾರೆ. ನಗಲಿ. ಮುರಿದರೆ ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲಾದರೂ ಅಂಟಿಸಬಹುದು.

ಹಿಂದಿನ ಕ್ಯಾರಿಯರಿಗೆ ವಾಷರ್ ತೆಗೆದು, ಕಾಲನ್ನೇ ಒಳಗೆ ಬಗ್ಗಿಸಿ ಫ್ರೇಮಿಗೆ ತಾಗುವಂತೆ ಮಾಡಿದರು. ಗಟ್ಟಿ ಗ್ರೇಡಿನ ಬೋಲ್ಟ್, ನೈಲಾನ್ ನಟ್ ಹಾಕಿದರು. ಸಾಮಾನಿನಲ್ಲಿ ಹತ್ತಕ್ಕೆ ನಾಲ್ಕು ಪಾಲು ಮುಂದೆ ಹೋಯಿತು, ಭಾರದ್ದೆಲ್ಲ ಕೆಳಗೆ. ನಡುಕ ನಿಂತಿತು.

ಹೊಸ ರಗಳೆಯೂ ಬಂತು. ಮುಂದೆ ಭಾರ ಇಟ್ಟ ಮೇಲೆ ಸ್ಟ್ಯಾಂಡ್ ಹಾಕಿದರೆ ಹ್ಯಾಂಡಲ್ ತಟ್ಟನೆ ತಿರುಗಿ ಸೈಕಲ್ ಮಗುಚಿ ಬೀಳುತ್ತದೆ. ಅಷ್ಟು ಜಗಳ ಆಡಿ ಹಾಕಿಸಿದ ಸ್ಟ್ಯಾಂಡು! ಈಗ ಹಳೆ ಟ್ಯೂಬಿನ ಪಟ್ಟಿಯೊಂದನ್ನು ಮುಂದಿನ ಬ್ರೇಕ್ ಲಿವರಿಗೆ ಸುತ್ತಿ ವೀಲ್ ಉರುಳದ ಹಾಗೆ ಮಾಡುತ್ತಾರೆ, ಇನ್ನೊಂದರಲ್ಲಿ ಮುಂದಿನ ವೀಲನ್ನು ಫ್ರೇಮಿಗೆ ಕಟ್ಟುತ್ತಾರೆ. ನಡೆಯುತ್ತದೆ.

ಸಣ್ಣದು ಅನ್ನಿಸಿದರೂ ಸಣ್ಣದಲ್ಲದ್ದು

ಗೇರಿನ ವಿಷಯಕ್ಕೆ ಮುಂದೆ, ಪೆಡಲ್ ಹತ್ತಿರ, ಒಂದೇ ಹಲ್ಲುಚಕ್ರ ಹಾಕಿಸಿ, ಈಗ ಎಲ್ಲರೂ ಅದನ್ನೇ ಹಾಕಿಸುತ್ತಾರೆ ಅನ್ನುವ ಸಲಹೆ ಜೋರಾಗಿತ್ತು. ಅಂಗಡಿಯವರು ತೋರಿಸಿದ್ದು ಮುಂದೆ 32 ಹಲ್ಲು, ಹಿಂದೆ ದೊಡ್ಡದು 42. ಮೇಡಂ ಸೈಕಲ್ಲಿನ ವೀಲ್ ಸುತ್ತಳತೆ ಸುಮಾರು 2.05 ಮೀಟರ್, ಹಾಗಾಗಿ ಪೆಡಲ್ ಒಂದು ಸುತ್ತಿಗೆ 1.56 ಮೀಟರ್ ಹೋಗುತ್ತದೆ. ಅವರು ಹಾಕಿಸಿದ್ದು ಮುಂದೆ 44, 32, 22ರ ಮೂರು ಚಕ್ರ, ಹಿಂದೆ 11ರಿಂದ 34. ಅತಿ ಸಣ್ಣ ಗೇರಿನಲ್ಲಿ ಒಂದು ಸುತ್ತಿಗೆ 1.33 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 4.8 ಕಿ.ಮೀ, ಅಂದರೆ ನಡಿಗೆಯ ವೇಗ. ಅಷ್ಟು ನಿಧಾನ ಹೋದರೆ ಬೀಳುವುದಿಲ್ಲವಾ ಅಂತ ಕೇಳುತ್ತಾರೆ. ಸಾಮಾನು ಹೊತ್ತು ಘಾಟಿ ಹತ್ತುವಾಗ ಬೀಳುವ ಹೆದರಿಕೆಗಿಂತ ಮೊಣಕಾಲಿನ ಹೆದರಿಕೆ ದೊಡ್ಡದು. ಮೊದಲ ಸೈಕಲ್ಲಿನಲ್ಲಿ ಅವರಿಗೆ ಮೊಣಚಿಪ್ಪಿನ ಮುಂದೆ ನೋವು ಬರುತ್ತಿತ್ತು. ಸೀಟ್ ಸ್ವಲ್ಪ ಎತ್ತರಿಸಿ, 165 ಮಿ.ಮೀ ಉದ್ದದ ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ಹಾಕಿ, ಸಣ್ಣ ಗೇರಿನಲ್ಲಿ ಬೇಗ ಬೇಗ ತುಳಿಯಲು ಅಭ್ಯಾಸ ಮಾಡಿಕೊಂಡ ಮೇಲೆ ಅದು ಹೋಯಿತು. ಮೂರರಲ್ಲಿ ಯಾವುದರಿಂದ ಎಷ್ಟು ಅಂತ ಬೇರ್ಪಡಿಸಿ ಹೇಳಲಾಗದು, ಮೂರೂ ಒಟ್ಟಿಗೇ ಆದವು. ನನ್ನ ಓಟು ಗೇರಿಗೆ.

44ರ ದೊಡ್ಡ ಚಕ್ರವನ್ನು ಅವರು ಮುಟ್ಟಲೇ ಇಲ್ಲ. ಆಮೇಲೆ ಅದನ್ನೂ 32ನ್ನೂ ತೆಗೆದು, 36 ಹಾಕಿಸಿ, 36, 22 ಎರಡೇ ಇಟ್ಟುಕೊಂಡರು. ನಿಮಿಷಕ್ಕೆ 80 ಸುತ್ತು ತುಳಿದರೆ 32 ಕಿ.ಮೀ ವೇಗ ಬರುತ್ತದೆ, ಅದಕ್ಕಿಂತ ಜೋರಾದರೆ ಇಳಿಜಾರು, ಅಲ್ಲಿ ಯಾರು ತುಳಿಯುತ್ತಾರೆ?

ಕೈ ಜೋಮು ಹಿಡಿಯುತ್ತದೆ, ಸಸ್ಪೆನ್ಷನ್ ಬೇಕಿತ್ತೇನೋ ಅನ್ನುವ ಮಾತು ಒಂದು ಹಂತದಲ್ಲಿ ಬಂತು. ಸಸ್ಪೆನ್ಷನ್ ಇರುವ ಸೀಟ್ ಪೋಸ್ಟ್ ಆರ್ಡರ್ ಮಾಡುವವರೆಗೂ ಹೋಗಿತ್ತು. ಅಷ್ಟರಲ್ಲಿ ಗಾಳಿ ಅಳೆದು ನೋಡಿದರೆ ಎರಡೂ ಟಯರಿನಲ್ಲಿ 60 ಪಿಎಸ್ಐ. ಸೈಕಲ್ ಅಂದರೆ ಕಲ್ಲಿನ ಹಾಗಿರಬೇಕು ಅಂತ ಎಲ್ಲ ಅಂಗಡಿಯಲ್ಲೂ ತುಂಬುತ್ತಾರೆ. 50 ಮಿ.ಮೀ ಅಗಲದ ಟಯರಿಗೆ, ಅವರ ತೂಕಕ್ಕೆ, ಅಷ್ಟು ಬೇಕಿಲ್ಲ. ಮುಂದೆ 30, ಹಿಂದೆ 38ಕ್ಕೆ ಇಳಿಸಿದರು. ಜೋಮು ಹೋಯಿತು, ಜಲ್ಲಿಯಲ್ಲಿ ಹಿಡಿತವೂ ಬಂತು, ಆರ್ಡರ್ ಕ್ಯಾನ್ಸಲ್. ಒಂದು ಸಣ್ಣ ಪ್ರೆಷರ್ ಗೇಜಿನಿಂದ ಇಷ್ಟು ದುಡ್ಡು ಉಳಿಯುತ್ತದೆ ಅಂದರೆ ಯಾರೂ ನಂಬುವುದಿಲ್ಲ.

ತುಕ್ಕಿನ ಕತೆ ಬೇಗ ಹೇಳಿ ಮುಗಿಸುತ್ತೇನೆ. ಮಳೆನೀರು ಸೀಟ್ ಪೋಸ್ಟ್ ಪಕ್ಕದಿಂದ ಫ್ರೇಮ್ ಒಳಗೆ ಇಳಿದು ಪೆಡಲ್ ಹತ್ತಿರ ನಿಲ್ಲುತ್ತದೆ. ಹಾಗಾಗಿ ಕೆಳಗೆ ಒಂದು ಸಣ್ಣ ತೂತು, ಒಳಗೆ ಅಗಸೆ ಎಣ್ಣೆಯ ಲೇಪ, ಸೀಟ್ ಪೋಸ್ಟಿಗೆ ಪ್ರತಿ ಮಳೆಗಾಲದ ಮೊದಲು ಗ್ರೀಸ್. ಸ್ಟೀಲ್ ಪೈಪಿನಲ್ಲಿ ಅಲ್ಯುಮಿನಿಯಂ ಪೋಸ್ಟ್ ಗ್ರೀಸ್ ಇಲ್ಲದೆ ಬಿಟ್ಟರೆ ಕಚ್ಚಿ ಹಿಡಿದು ಬರುವುದೇ ಇಲ್ಲ. ಮಡ್‌ಗಾರ್ಡ್ ಮತ್ತು ಟಯರ್ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದಾರೆ, ಇಲ್ಲದಿದ್ದರೆ ಕೆಂಪು ಮಣ್ಣು ತುಂಬಿ ವೀಲ್ ನಿಂತುಬಿಡುತ್ತದೆ.

ಈಗ ಎಲ್ಲಿಗೆ ಬಂದಿದೆ

ಸೈಕಲ್ ಈಗ ನೆಮ್ಮದಿಯಾಗಿ ಓಡುತ್ತಿದೆ. ಆಗುಂಬೆ ಘಾಟಿಯನ್ನು ಮೇಡಂ ಸಾಮಾನಿನ ಸಮೇತ ಇಳಿಯುತ್ತಾರೆ, ಹತ್ತುತ್ತಾರೆ. ಹಬ್ಬಿನಲ್ಲೇ ಕರೆಂಟ್ ತಯಾರಿಸುವ ಡೈನಮೊ ಹಾಕಿಸಬೇಕಾ ಬೇಡವಾ ಅನ್ನುವುದು ಮಾತ್ರ ಇತ್ಯರ್ಥವಾಗಿಲ್ಲ. ಅದು 6 ವೋಲ್ಟ್, 3 ವ್ಯಾಟಿನದ್ದು, ಲೈಟಿಗೆ ಸಾಕು. ಫೋನ್ ಚಾರ್ಜ್ ಮಾಡಲು ಹೊರಟರೆ ಘಾಟಿ ಹತ್ತುವ ವೇಗದಲ್ಲಿ ಅದಕ್ಕೆ ಸಾಕಾಗುವಷ್ಟು ಕರೆಂಟ್ ಹುಟ್ಟುವುದಿಲ್ಲ. ನಾನು ಬೇಡ ಅಂದಿದ್ದೇನೆ, ಅವರು ಯೋಚನೆ ಮಾಡುತ್ತಿದ್ದಾರೆ.

ಇದನ್ನು ನೋಡಿ ಉತ್ತರ ಕರ್ನಾಟಕದ ಕಡೆಯ ಒಬ್ಬರು "ನನಗೂ ಇಂಥದ್ದೇ ಒಂದು ಕಟ್ಟಿಸಿಕೊಡಿ ಸರ, ಪಾರ್ಟ್ಸ್ ಲಿಸ್ಟ್ ಕಳಸ್ರಿ" ಅಂದರು. ಅವರ ಎತ್ತರ ಆರು ಅಡಿ. ಅವರಿಗೆ 26 ಯಾಕೆ ಬೇಕು, 29 ಚೆನ್ನಾಗಿ ಕೂರುತ್ತದೆ. ಅವರ ಕಡೆ ಘಾಟಿ ಇಲ್ಲ, ಹಾಗಾಗಿ 22ರ ಚಕ್ರದ ಅವಸರವೂ ಇಲ್ಲ, ಎದುರುಗಾಳಿ ಇದೆ, ಡ್ರಾಪ್ ಹ್ಯಾಂಡಲ್ ಅವರಿಗೆ ಉಪಯೋಗಕ್ಕೆ ಬಂದರೂ ಬರಬಹುದು. ಆದರೆ ಅವರ ಹೊಲದ ದಾರಿಯಲ್ಲಿ ಇರುವುದು ಎರೆ ಮಣ್ಣು. ಮಳೆ ಬಿದ್ದ ಮೇಲೆ ಅದು ಟಯರಿಗೆ ಮೆತ್ತುವ ರೀತಿಗೆ ನಮ್ಮ ಕೆಂಪು ಮಣ್ಣು ಲೆಕ್ಕಕ್ಕೇ ಇಲ್ಲ. ಎರಡು ಬೆರಳಿನ ಜಾಗ ಅಲ್ಲಿ ಯಾವ ಮೂಲೆಗೂ ಸಾಲದು, ಮಡ್‌ಗಾರ್ಡೇ ಬೇಡ ಅನ್ನಿಸುತ್ತದೆ. ಲಿಸ್ಟ್ ಕಳಿಸಿಲ್ಲ. ಮಳೆ ಬಂದ ಮರುದಿನ ಈಗಿರುವ ಸೈಕಲ್ಲನ್ನೇ ಆ ದಾರಿಯಲ್ಲಿ ತಳ್ಳಿಕೊಂಡು ಹೋಗಿ, ಮಣ್ಣು ಎಲ್ಲೆಲ್ಲಿ ಎಷ್ಟು ದಪ್ಪ ಕೂರುತ್ತದೆ ಅಂತ ಸ್ಕೇಲ್ ಹಿಡಿದು ಅಳೆದು ಕಳಿಸಿ ಅಂತ ಹೇಳಿದ್ದೇನೆ.